ಬಕಲ್‌ನಲ್ಲಿ ಸಿಕ್ಕ ಕ್ಲಿಪ್

ತುಮಕೂರಿನ ಹತ್ತಿರ ಹೆದ್ದಾರಿ ಪಕ್ಕದ ವರ್ಕ್‌ಶಾಪ್‌ನಲ್ಲಿ ಆಕ್ಸಿಡೆಂಟ್ ಆದ ಗಾಡಿಗಳಿಗೆ ಎಸ್ಟಿಮೇಟ್ ಹಾಕುವುದು ನನ್ನ ಕೆಲಸ. ಟೋ ಆಗಿ ಬಂದ ಗಾಡಿಯಲ್ಲಿ ಎಲ್ಲರೂ ಮೊದಲು ಬಾನೆಟ್ ನೋಡುತ್ತಾರೆ. ನಾನು ಡ್ರೈವರ್ ಸೀಟಿನ ಬೆಲ್ಟ್ ನೋಡುತ್ತೇನೆ. ಒಂದು ಗಾಡಿ ಕಲಿಸಿದ ಅಭ್ಯಾಸ ಇದು.

ನಿಂತ ಲಾರಿಗೆ ಹಿಂದಿನಿಂದ ಗುದ್ದಿದ್ದ ಕಾರು. ಮೂತಿ ಪೂರ್ತಿ ಮಡಚಿಕೊಂಡಿತ್ತು, ಆದರೆ ಕೂರುವ ಜಾಗ ಹಾಗೇ ಇತ್ತು. ನಾಲ್ಕೂ ಬಾಗಿಲು ಸಲೀಸಾಗಿ ತೆರೆದವು. ಏರ್‌ಬ್ಯಾಗ್ ಎರಡೂ ಬಿಚ್ಚಿದ್ದವು. ಆದರೂ ಓಡಿಸುತ್ತಿದ್ದವರು ದವಡೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. "ಏರ್‌ಬ್ಯಾಗೇ ಸರಿ ಇರ್ಲಿಲ್ಲ ಸರ್, ನಾವು ಕಂಪ್ಲೇಂಟ್ ಕೊಡ್ತೀವಿ" ಅಂದರು ಅವರ ತಮ್ಮ.

ಬಕಲ್ ನೋಡಿದೆ. ಬೆಲ್ಟಿನ ನಾಲಿಗೆ ಇರಬೇಕಾದ ಕಡೆ, ಬೆಲ್ಟ್ ಹಾಕದಿದ್ದಾಗ ಕೂಗುವ ಅಲಾರಂ ನಿಲ್ಲಿಸುವ ಕ್ಲಿಪ್ ಕೂತಿತ್ತು. ಬೆಲ್ಟ್ ಪಿಲ್ಲರ್‌ಗೆ ಅಂಟಿಕೊಂಡು ಲಾಕ್ ಆಗಿತ್ತು, ಎಳೆದರೂ ಬರಲಿಲ್ಲ. ಗುದ್ದಿದ ಕ್ಷಣ, ಬೆಲ್ಟನ್ನು ಹಿಂದಕ್ಕೆ ಎಳೆಯುವ ಪ್ರಿಟೆನ್ಷನರ್ ಎಂಬ ಭಾಗ ಸಿಡಿದು ಅದನ್ನು ಬಿಗಿದಿದೆ, ಆದರೆ ಆ ಬೆಲ್ಟಿನೊಳಗೆ ಯಾರೂ ಇರಲಿಲ್ಲ. ಕ್ಲಿಪ್ ಯಾವುದು, ಬೆಲ್ಟ್ ಯಾವುದು ಎಂದು ಗಾಡಿಗೆ ಹೇಗೆ ಗೊತ್ತಾಗಬೇಕು?

ಸ್ಟೀರಿಂಗ್ ಮೇಲೆ ಏರ್‌ಬ್ಯಾಗ್ ಗುರುತಾಗಿ ಬರೆದಿರುವ 'ಎಸ್‌ಆರ್‌ಎಸ್' (ಸಪ್ಲಿಮೆಂಟಲ್ ರಿಸ್ಟ್ರೇಂಟ್ ಸಿಸ್ಟಮ್)ನಲ್ಲಿ ಮೊದಲ ಅಕ್ಷರದ ಅರ್ಥ 'ಪೂರಕ' ಎಂದು. ಬೆಲ್ಟ್ ಮೈಯನ್ನು ಹಿಡಿದಿಟ್ಟಿರುತ್ತದೆ ಎಂಬ ಲೆಕ್ಕದಲ್ಲೇ ಏರ್‌ಬ್ಯಾಗ್ ಮಾಡಿರುತ್ತಾರೆ. ಅದು ಉಬ್ಬಲು ಸುಮಾರು 30 ಮಿಲಿಸೆಕೆಂಡ್ ಸಾಕು. ಬ್ರೇಕ್ ಹಾಕಿದಾಗಲೇ ಮೈ ಮುಂದಕ್ಕೆ ಜಾರಿದ್ದರೆ, ಉಬ್ಬುತ್ತಿರುವ ಚೀಲ ನೇರ ಮುಖಕ್ಕೇ ಗುದ್ದುತ್ತದೆ. ಇದನ್ನು ಹೇಳಿ ಕ್ಲಿಪ್ಪನ್ನು ಆ ತಮ್ಮನ ಕೈಗಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ನನ್ನನ್ನು ಕಾಡಿದ್ದು ಬೇರೆ ವಿಷಯ. ಅದಕ್ಕೂ ಮೊದಲು ಸರ್ವೀಸಿಗೆ ಬಂದ ಎಷ್ಟೋ ಗಾಡಿಗಳಲ್ಲಿ ಇಂಥದೇ ಕ್ಲಿಪ್ ನೋಡಿಯೂ, ಗಿರಾಕಿಯ ವಸ್ತು ನಮಗೇಕೆ ಎಂದು ಸುಮ್ಮನಿದ್ದೆ. ಹೊಸ ಕಾರುಗಳಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಅಲಾರಂ 2019ರ ಜುಲೈನಿಂದ ಕಡ್ಡಾಯ. ಅದನ್ನು ಸುಮ್ಮನಾಗಿಸುವ ಕ್ಲಿಪ್ ಮಾರಬೇಡಿ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟಿತು. ಈಗ ಕ್ಲಿಪ್ ಕಂಡರೆ ತೆಗೆದು, ಮಾಲೀಕರನ್ನು ಗಾಡಿ ಹತ್ತಿರ ಕರೆದು, ನಿಂತೇ ವಿವರಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಇನ್ನೊಂದು ಬೇಡಿಕೆಯೂ ಬರುತ್ತದೆ: ಬಿಚ್ಚಿದ ಏರ್‌ಬ್ಯಾಗ್ ಬದಲಿಸದೆ, ಅದು ಇದೆ ಎಂದು ಗಾಡಿ ನಂಬುವಂತೆ ಒಂದು ರೆಸಿಸ್ಟರ್ ಹಾಕಿ ಮೀಟರಿನ ಏರ್‌ಬ್ಯಾಗ್ ಎಚ್ಚರಿಕೆ ದೀಪ ಆರಿಸಿಕೊಡಿ ಎಂದು. ಅದೂ ಆ ಕ್ಲಿಪ್ಪಿನ ಹಾಗೇ, ಗಾಡಿಗೆ ಸುಳ್ಳು ಹೇಳುವ ಕೆಲಸ. ನಾಳೆ ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಡ್ಯಾಶ್‌ಬೋರ್ಡಿನೊಳಗೆ ಏನೂ ಇಲ್ಲ ಎಂಬುದು ತಿಳಿಯುವುದೇ ಇಲ್ಲ. ಅಂಥ ಕೆಲಸವನ್ನು ನಾನು ಜಾಬ್ ಕಾರ್ಡಿನಲ್ಲಿ ಬರೆಯುವುದಿಲ್ಲ. ಗಿರಾಕಿ ಬೇರೆ ಗ್ಯಾರೇಜಿಗೆ ಹೋದರೂ ಸರಿಯೇ.