ಒಂದು ಹೋಳಿಗೆಗೆ ಏನಾಗುತ್ತೆ?

"ಆಪರೇಷನ್ ಆಗಿ ಆರು ತಿಂಗಳಾಯ್ತಲ್ಲಮ್ಮ, ಇನ್ನೂ ಎಂಥ ಪಥ್ಯ? ಒಂದು ಹೋಳಿಗೆಗೆ ಏನಾಗುತ್ತೆ, ತಿನ್ನು."

ಈ ವಾರ ಮೈಸೂರಿನ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಎದುರು ಸಾಲಿನಿಂದ ಕೇಳಿಬಂದ ಮಾತು. ಹೇಳಿದವರು ಚಿಕ್ಕಮ್ಮ, ಹೇಳಿಸಿಕೊಂಡಾಕೆ ತೂಕ ಇಳಿಸಲು ಹೊಟ್ಟೆಯ ಸ್ಲೀವ್ ಸರ್ಜರಿ ಮಾಡಿಸಿಕೊಂಡ ಅಕ್ಕನ ಮಗಳು. "ಬೇಡ ಚಿಕ್ಕಮ್ಮ, ಹೊಟ್ಟೆ ತುಂಬ್ತು" ಅಂದಳು. "ಏನ್ ತುಂಬೋದು, ಎಲೆ ಹಂಗೇ ಇದೆ" ಅಂತ ಚಿಕ್ಕಮ್ಮ ಬಡಿಸುವವನನ್ನು ಕರೆದರು. "ಇಲ್ಲೊಂದು ಹಾಕಪ್ಪ, ಮೇಲೆ ತುಪ್ಪ ಬಿಡು." ಸುತ್ತ ನಾಲ್ಕು ಜನ ನೋಡುತ್ತಿದ್ದರು. ದಾಕ್ಷಿಣ್ಯಕ್ಕೆ ಆಕೆ ಕಾಲು ಹೋಳಿಗೆ ತಿಂದಳು.

ಐದು ನಿಮಿಷವೂ ಆಗಿರಲಿಲ್ಲ, ಎಡಗೈಯ ಎರಡು ಬೆರಳು ಎದೆಗುಂಡಿಗೆಯ ಕೆಳಗಿನ ಗುಳಿಗೆ ಹೋದವು. ಬಾಯಿ ಬಿಗಿದು ಎಂಜಲು ನುಂಗುತ್ತಾ ಕೂತಳು. ಮೂಗು ಸೋರಿತು, ಕಣ್ಣಲ್ಲಿ ನೀರು. ಇಂಥವರಿಗೆ ಊಟದ ಪಟ್ಟಿ ಬರೆದುಕೊಡುವ ಕೆಲಸದಲ್ಲಿರುವ ನನ್ನಂಥವರಿಗೆ ಆ ಎರಡು ಬೆರಳು ಕಂಡರೆ ಸಾಕು, ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತದೆ. ಪಕ್ಕದಲ್ಲಿದ್ದವರು "ಗ್ಯಾಸ್ ಇರ್ಬೇಕು, ಒಂದು ಲೋಟ ನೀರು ಕುಡಿ" ಅಂದರು. ಆ ಹೊತ್ತಿಗೆ ಕೊಡಬಹುದಾದ ಅತ್ಯಂತ ಕೆಟ್ಟ ಸಲಹೆ ಅದು. ಪುಣ್ಯಕ್ಕೆ ಆಕೆ ಕುಡಿಯದೆ ಎದ್ದು ಹೋದಳು.

ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುವುದು. ಉಳಿಯುವುದು ಕಿರಿದಾದ ಒಂದು ನಳಿಕೆ, ಆರಂಭದಲ್ಲಿ ಅದರ ಅಳತೆ 100ರಿಂದ 150 ಮಿಲಿ. ಮೊದಲಿನ ಹೊಟ್ಟೆ ಹಿಗ್ಗುತ್ತಿತ್ತು, ಇದು ಅಷ್ಟಾಗಿ ಹಿಗ್ಗುವುದಿಲ್ಲ. ಹೋಳಿಗೆಯ ಕಣಕ ಮೈದಾದ್ದು. ಸರಿಯಾಗಿ ಅಗಿಯದಿದ್ದರೆ ಬಾಯಲ್ಲೇ ಮತ್ತೆ ಮುದ್ದೆಯಾಗಿ ಅಂಟಿನಂತೆ ಇಳಿಯುತ್ತದೆ, ಮೊದಲೇ ಬೇರೆ ಊಟ ಕೂತಿರುವ ನಳಿಕೆಯ ಬಾಯಿಗೇ ಬಂದು ನಿಲ್ಲುತ್ತದೆ. ಆಗ ದೇಹ ಅದನ್ನು ಜಾರಿಸಲು ನೊರೆನೊರೆಯಾಗಿ ಜೊಲ್ಲು ಸುರಿಸುತ್ತದೆ. ಅದರ ಮೇಲೆ ನೀರು ಹೊಯ್ದರೆ ನೀರಿಗೂ ದಾರಿಯಿಲ್ಲ, ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ. ಹೀಗಾದಾಗ ತಿನ್ನುವುದನ್ನು ನಿಲ್ಲಿಸಬೇಕು, ಎದ್ದು ನಿಧಾನವಾಗಿ ಓಡಾಡಬೇಕು, ಬಂದ ಜೊಲ್ಲನ್ನು ನುಂಗದೆ ಉಗಿಯಬೇಕು. ಇಳಿದರೂ ಸರಿ, ವಾಂತಿಯಾದರೂ ಸರಿ, ಆ ದಿನವೆಲ್ಲ ಬರೀ ದ್ರವ ಆಹಾರ. ಒಳಗೆ ಊದಿಕೊಂಡಿರುವ ಜಾಗಕ್ಕೆ ರಾತ್ರಿ ಚಪಾತಿ ತುರುಕಿದರೆ ಮತ್ತೆ ಅದೇ ಕಥೆ.

ಇದನ್ನೇ ಕೆಲವರು 'ಡಂಪಿಂಗ್' ಅನ್ನುತ್ತಾರೆ, ಅದು ಬೇರೆ. ಡಂಪಿಂಗ್ ಹೆಚ್ಚಾಗಿ ಕಾಡುವುದು ತೂಕ ಇಳಿಸುವ ಇನ್ನೊಂದು ಆಪರೇಷನ್, ಹೊಟ್ಟೆಯ ಬೈಪಾಸ್ ಆದವರನ್ನು. ಅವರಿಗೆ ಸುಮಾರು 30 ಮಿಲಿಯ ಚಿಕ್ಕ ಚೀಲ ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ. ಪಾಯಸದ ಸಕ್ಕರೆ ಸೀದಾ ಕರುಳಿಗೆ ಬಿದ್ದು ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಅದು ತಪ್ಪಿದರೂ ಒಂದರಿಂದ ಮೂರು ಗಂಟೆ ಬಿಟ್ಟು ಇನ್ಸುಲಿನ್ ಜಾಸ್ತಿಯಾಗಿ ಸಕ್ಕರೆ ದಿಢೀರ್ ಇಳಿದು ಕೈಕಾಲು ನಡುಗಬಹುದು. ಆಗ ಕಣ್ಣು ಕತ್ತಲೆ ಬಂತೆಂದು ಮನೆಯವರು ಇನ್ನೊಂದು ಲೋಟ ಪಾಯಸವನ್ನೇ ಕೊಡುವುದುಂಟು, ಮತ್ತೆ ಅದೇ ಸುತ್ತು.

ಚಿಕ್ಕಮ್ಮನ ಮಾತಿಗೆ ಮತ್ತೆ ಬರುತ್ತೇನೆ. "ಇನ್ನೂ ಎಂಥ ಪಥ್ಯ?" ಆಕೆ ಕೆಟ್ಟ ಹೆಂಗಸಲ್ಲ. ಪ್ರೀತಿಯನ್ನು ಸೌಟಿನಲ್ಲಿ ಅಳೆಯುವ ತಲೆಮಾರು. ಅವರಿಗೆ ಗೊತ್ತಿರುವ ಪಥ್ಯ ಬಾಣಂತನದ್ದು: ಇಷ್ಟು ತಿಂಗಳು ಬಾಯಿ ಕಟ್ಟು, ಆಮೇಲೆ ಎಲ್ಲರ ಜೊತೆ ಎಲ್ಲವನ್ನೂ ತಿನ್ನು. ಅದಕ್ಕೆ ಕೊನೆಯ ದಿನ ಇರುತ್ತದೆ, ಇದಕ್ಕಿಲ್ಲ. ನನಗೆ ಸಿಟ್ಟು ಬಂದದ್ದು ಕೈತೊಳೆಯುವ ಕಡೆ ನಿಂತು ನಗುತ್ತಿದ್ದ ನೆಂಟನೊಬ್ಬನ ಮೇಲೆ. "ಲಕ್ಷಗಟ್ಟಲೆ ಕೊಟ್ಟು ಹೊಟ್ಟೆ ಕೊಯ್ಸಿಕೊಂಡ್ಳು. ಬಾಯಿ ಕಟ್ಟಿದ್ರೆ ಪುಕ್ಕಟೆ ಆಗ್ತಿತ್ತು." ಹೇಳಿದವನ ಹೊಟ್ಟೆಯೂ ಅಂಗಿಯ ಗುಂಡಿಗೆ ಸವಾಲು ಹಾಕುತ್ತಿತ್ತು ಅನ್ನುವುದು ಬೇರೆ ಮಾತು. ತೂಕ ಇಳಿಯತೊಡಗಿದ ಕೂಡಲೇ ದೇಹ ಹಸಿವನ್ನು ಹೆಚ್ಚಿಸಿ ಕಳೆದದ್ದನ್ನು ವಾಪಸ್ ಪಡೆಯಲು ನೋಡುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಬಹುಪಾಲು ತಯಾರಾಗುವುದು ಹೊಟ್ಟೆಯ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ತೆಗೆದುಹಾಕುವುದು ಆ ಭಾಗವನ್ನೇ. ಬರೀ ಜಾಗ ಚಿಕ್ಕದಾಗುವುದಲ್ಲ, ಹಸಿವೆಯ ದನಿಯೇ ತಗ್ಗುತ್ತದೆ. ಬಾಯಿ ಕಟ್ಟಿದ ಮಾತ್ರಕ್ಕೆ ಆ ದನಿ ತಗ್ಗುವುದಿಲ್ಲ.

ಆದರೆ ತಗ್ಗಿದ ದನಿ ಸದಾ ಹಾಗೇ ಇರುವುದೂ ಇಲ್ಲ. ವರ್ಷದ ಹೊತ್ತಿಗೆ ಹಸಿವು ಮೆಲ್ಲಗೆ ಮರಳುತ್ತದೆ. ಅಷ್ಟರೊಳಗೆ ಅಡುಗೆಮನೆ ಬದಲಾಗಿರಬೇಕು.

ಮೊದಲ ಎರಡು ತಿಂಗಳ ವಿಷಯದಲ್ಲಿ ತಕರಾರು ಕಡಿಮೆ, ಆಸ್ಪತ್ರೆಯವರು ಬರೆದುಕೊಟ್ಟಿರುತ್ತಾರೆ. ಮೊದಲು ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಎಳನೀರು. ಔಷಧಿ ಬಾಟಲಿಯ ಜೊತೆ ಬರುವ ಪುಟ್ಟ ಲೋಟದಲ್ಲಿ 30 ಮಿಲಿ, ಕಾಲು ಗಂಟೆಗೊಮ್ಮೆ, ಗುಟುಕು ಗುಟುಕಾಗಿ. ಹಾಗೆ ಮಾಡಿದರೆ ಮಾತ್ರ ಎಚ್ಚರವಿರುವ ಹೊತ್ತಿನಲ್ಲಿ ಒಂದೂವರೆ ಲೀಟರ್ ಒಳಗೆ ಹೋದೀತು. ಎರಡು ವಾರದವರೆಗೆ ಹಾಲು, ಸೋಸಿದ ರಾಗಿ ಗಂಜಿ, ಪ್ರೋಟೀನ್ ಪುಡಿ. ಆಮೇಲೆ ಎರಡು ವಾರ ಮಿಕ್ಸಿಗೆ ಹಾಕಿದ್ದು, ಇನ್ನೊಂದು ತಿಂಗಳು ಬೆರಳಲ್ಲಿ ಕಿವುಚಿದರೆ ಕರಗುವಷ್ಟು ಮೆತ್ತಗಿನದು. ಪ್ರೋಟೀನ್ ಪುಡಿಯನ್ನು ಕುದಿಯುವ ಹಾಲಿಗೆ ಹಾಕಿ ಗಂಟುಗಂಟಾಯಿತೆಂದು ಚೆಲ್ಲುವವರಿದ್ದಾರೆ. ಹಾಲು ಉಗುರುಬೆಚ್ಚಗಿರಬೇಕು, ಅಷ್ಟೇ.

ಕಷ್ಟ ಶುರುವಾಗುವುದು 'ಎಲ್ಲ ತಿನ್ನಬಹುದು' ಅಂದ ಮೇಲೆ. ಎಲ್ಲ ತಿನ್ನಬಹುದು, ಆದರೆ ಒಂದು ಹೊತ್ತಿಗೆ ಒಂದು ಚಿಕ್ಕ ಬಟ್ಟಲಷ್ಟು. ದಿನಕ್ಕೆ ಬೇಕಾದ ಪ್ರೋಟೀನ್ ಮಾತ್ರ 60ರಿಂದ 80 ಗ್ರಾಂ. ಇಲ್ಲೇ ನಮ್ಮ ಊಟದ ಲೆಕ್ಕ ತಪ್ಪುವುದು. ಒಂದು ಇಡ್ಲಿಯಲ್ಲಿ 2 ಗ್ರಾಂ ಆಸುಪಾಸು. ಅನ್ನ ತಿಳಿಸಾರು ತಿಂದರೆ ಬಟ್ಟಲು ತುಂಬುತ್ತದೆ, ಪ್ರೋಟೀನ್ ಹೆಸರಿಗೆ ಮಾತ್ರ. 60 ಮುಟ್ಟಬೇಕಾದರೆ ಬೆಳಿಗ್ಗೆ 200 ಮಿಲಿ ಹಾಲಿಗೆ ಒಂದು ಅಳತೆ ವ್ಹೇ (ಹಾಲಿನ ಪ್ರೋಟೀನ್) ಪುಡಿ, ಅಲ್ಲಿಗೆ 30. ಮಧ್ಯಾಹ್ನ 50 ಗ್ರಾಂ ಪನೀರಿನಿಂದ 9, ಅರ್ಧ ಬಟ್ಟಲು ಗಟ್ಟಿ ತೊವ್ವೆಯಿಂದ 4 ಅಥವಾ 5. ಸಂಜೆ ಎರಡು ಬೇಯಿಸಿದ ಮೊಟ್ಟೆ, 12. ರಾತ್ರಿ 100 ಗ್ರಾಂ ಮೊಸರಿನಿಂದ 3 ಅಥವಾ 4. ಅಲ್ಲಿಗೆ ಅರವತ್ತರ ಅಂಚು. ಮೊಟ್ಟೆ ಮುಟ್ಟದ ಮನೆಯಾದರೆ ಆ ಜಾಗಕ್ಕೆ ಸೋಯಾ ಅಥವಾ ಇನ್ನಷ್ಟು ಪನೀರು ಬರಬೇಕು, ಬೇರೆ ದಾರಿ ಕಮ್ಮಿ. ಅನ್ನ ಕೊನೆಗೆ, ಜಾಗ ಉಳಿದರೆ.

ಮುದ್ದೆಯದು ಇನ್ನೊಂದು ಸಂಕಟ. ಮಂಡ್ಯ ಹಾಸನದ ಕಡೆಯವರಿಗೆ ಒಂದು ತುತ್ತನ್ನು 20ರಿಂದ 30 ಸಲ ಅಗಿಯಿರಿ ಅಂದರೆ "ಮುದ್ದೇನೂ ಅಗೀಬೇಕಾ?" ಅಂತ ಮುಖ ನೋಡುತ್ತಾರೆ. ಹುಟ್ಟಿದಾಗಿನಿಂದ ಸಾರಿನಲ್ಲಿ ಅದ್ದಿ ನುಂಗಿ ಬೆಳೆದವರು. ಅಗಿಯದೆ ಇಳಿದ ಮುದ್ದೆ ತುತ್ತು ಆ ನಳಿಕೆಯಲ್ಲಿ ಅಡ್ಡ ಕೂತರೆ ಹೋಳಿಗೆಗಿಂತ ಅನ್ಯಾಯ. ರಾಗಿ ಬಿಡಬೇಕಾಗಿಲ್ಲ, ಗಂಜಿ, ಅಂಬಲಿಯಾಗಿ ಬರಲಿ. ಮುದ್ದೆಯೇ ಬೇಕೆಂದು ಹಟವಿದ್ದರೆ ತಿಂಗಳುಗಳು ಕಳೆದ ಮೇಲೆ, ಮೆತ್ತಗೆ ತೊಳಸಿದ್ದು, ಕಡಲೆಬೀಜದ ಗಾತ್ರ, ಅದನ್ನೂ ಅಗಿದು. ಅಗಿದ ಮುದ್ದೆ ರುಚಿಸುವುದಿಲ್ಲ ಅಂತ ಹೆಚ್ಚಿನವರು ಆಮೇಲೆ ತಾವೇ ಬಿಡುತ್ತಾರೆ.

ಎಲೆ ಪಕ್ಕದ ನೀರಿನ ಲೋಟವೂ ದೂರ ಸರಿಯಬೇಕು. ಊಟದ ಜೊತೆ ನೀರು ಕುಡಿದರೆ ಇರುವ ಚೂರು ಜಾಗವೂ ತುಂಬಿ ಒತ್ತಡವಾಗುತ್ತದೆ, ಇಲ್ಲವೇ ಊಟ ಬೇಗ ಜಾರಿ ಮತ್ತೆ ಬಾಯಾಡಿಸುವ ಹಾಗಾಗುತ್ತದೆ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ನೀರು, ಮಜ್ಜಿಗೆಗೂ ಅದೇ ನಿಯಮ. ಊಟಕ್ಕೆ 20ರಿಂದ 30 ನಿಮಿಷ ಹಿಡಿಯಬೇಕು. ಪಂಕ್ತಿಯಲ್ಲಿ ಮನೆಯ ಯಜಮಾನರು ಕೈಮುಗಿದು "ನಿಧಾನವಾಗಿ ಊಟ ಮಾಡಿ" ಅನ್ನುತ್ತಾ ಹೋಗುತ್ತಿರುತ್ತಾರೆ, ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಹಾಗಾಗಿ ಮನೆಯಲ್ಲೇ ಪ್ರೋಟೀನ್ ಮುಗಿಸಿಕೊಂಡು, ಕೊನೇ ಪಂಕ್ತಿಗೆ ಕೂರುವುದು ಜಾಣತನ. ಎಲೆಯಲ್ಲಿ ಮೊದಲು ತೊವ್ವೆ, ಆಮೇಲೆ ಚೆನ್ನಾಗಿ ಅಗಿದು ಕೋಸಂಬರಿ, ನಂತರ ಪಲ್ಯ. ಅವತ್ತು ಬಡಿಸುತ್ತಿದ್ದ ಹುಡುಗನನ್ನು ಇಲ್ಲಿ ಮೆಚ್ಚಲೇಬೇಕು. ಆಕೆ ಅನ್ನ ಬೇಡವೆಂದು ಕೈ ಅಡ್ಡ ಹಿಡಿದಾಗ ಯಾಕೆ ಏನು ಅಂತ ಕೇಳದೆ ಒಂದು ಚಮಚ ಕೋಸಂಬರಿ ಹಾಕಿ ಮುಂದೆ ಹೋದ. ಇಡೀ ಪಂಕ್ತಿಯಲ್ಲಿ ಆಕೆಯ ಊಟ ಅರ್ಥವಾಗಿದ್ದು ಅವನಿಗೊಬ್ಬನಿಗೇ.

ಸಿಕ್ಕಿಕೊಳ್ಳುವ ಹೋಳಿಗೆಗಿಂತ ನನಗೆ ಹೆಚ್ಚು ಭಯ ಸಿಕ್ಕಿಕೊಳ್ಳದೆ ಇಳಿಯುವುದರದು. ಪನೀರು, ಕೋಳಿ, ಕಾಳು ಹೊಟ್ಟೆಯಲ್ಲಿ ನಿಲ್ಲುತ್ತವೆ, ಮೂರು ತುತ್ತಿಗೆ ಸಾಕೆನಿಸುತ್ತದೆ. ಖಾರದ ಮಿಕ್ಸ್ಚರ್, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಂ ಹಾಗಲ್ಲ. ಕರಗಿ ಜಾರುತ್ತವೆ, ಸಾಕೆನಿಸುವುದೇ ಇಲ್ಲ. 100 ಗ್ರಾಂ ಮಿಕ್ಸ್ಚರ್ ಅಂದರೆ 500 ಕ್ಯಾಲೊರಿಯ ಆಸುಪಾಸು, ಟಿವಿ ಮುಂದೆ ಅದು ಅರ್ಧ ಗಂಟೆಯ ಮಾತು. ಒಂದೂವರೆ ವರ್ಷದ ಹೊತ್ತಿಗೆ ತೂಕ ಇಳಿಯುವುದು ನಿಂತು, ಆಮೇಲೆ ಮೆಲ್ಲಗೆ ಏರತೊಡಗಿದಾಗ "ಹೊಟ್ಟೆ ಮತ್ತೆ ದೊಡ್ಡದಾಗಿದೆ" ಅಂತ ಓಡಿಬರುತ್ತಾರೆ. ಹೊಟ್ಟೆ ಸ್ವಲ್ಪ ಹಿಗ್ಗಿರಬಹುದು. ಆದರೆ ಮೂರು ದಿನ ತಿಂದದ್ದನ್ನೆಲ್ಲ ಬರೆದು ತನ್ನಿ ಅಂದರೆ ಬಹಳ ಸಲ ಸಂಜೆ ಐದರ ಸಾಲಿನಲ್ಲೇ ಉತ್ತರ ಸಿಗುತ್ತದೆ.

ಮಾತ್ರೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅವು ಜೀವನಪರ್ಯಂತ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಗ್ರಾಂ, ಆದರೆ ಒಂದು ಸಲಕ್ಕೆ 500 ಅಥವಾ 600ಕ್ಕಿಂತ ಹೆಚ್ಚು ಹೀರುವುದಿಲ್ಲ, ಹಾಗಾಗಿ ಹಂಚಿ ತೆಗೆದುಕೊಳ್ಳಬೇಕು. ಆಮ್ಲ ಕಡಿಮೆಯಾದ ಹೊಟ್ಟೆಗೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ, ಕಬ್ಬಿಣವನ್ನು ಕಾಫಿಯ ಜೊತೆ ನುಂಗಬೇಡಿ. ವಿಟಮಿನ್ ಬಿ12 ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಮಾತ್ರೆ ಬಿಟ್ಟ ವರ್ಷ ಏನೂ ಗೊತ್ತಾಗುವುದಿಲ್ಲ, ಪಾದ ಜೋಮು ಹಿಡಿಯುವುದು ಆಮೇಲೆ. ಸಸ್ಯಾಹಾರಿಗಳಿಗೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಮೂರನೇ ತಿಂಗಳಿನಿಂದ ಹಲವರಿಗೆ ಕೂದಲು ಉದುರುತ್ತದೆ, ಬಾಚಣಿಗೆ ನೋಡಿ ಅಳುವವರಿದ್ದಾರೆ. ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ, ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಕಾಗಿಲ್ಲ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವ ಚಾಳಿ ಮಾತ್ರ ನಿಲ್ಲಲೇಬೇಕು. ಬೈಪಾಸ್ ಆದವರಿಗೆ ಜೋಡಿಸಿದ ಜಾಗದಲ್ಲೇ ಹುಣ್ಣಾಗಬಹುದು.

ಅಪಾಯದ ಇನ್ನೊಂದು ದಾರಿ ನಮ್ಮ ಊರುಗಳ 'ಗ್ಲೂಕೋಸ್ ಹಾಕಿಸ್ಕೊಂಡು ಬಾ'. ದಿನಗಟ್ಟಲೆ ವಾಂತಿಯಾಗಿ ಸುಸ್ತಾದವರನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದು ಬಾಟಲಿ ಏರಿಸುತ್ತಾರೆ. ವಾಂತಿ ನಿಲ್ಲದವರಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಎರಡು ಮೂರು ವಾರದಲ್ಲೇ ಖಾಲಿಯಾಗುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಎದುರಿನದು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಎತ್ತೆತ್ತಲೋ ಹೋಗುವುದು ಅದರ ಗುರುತು. ನೀರೂ ನಿಲ್ಲದ ವಾಂತಿ ಒಂದು ದಿನ ದಾಟಿದರೆ ಆಪರೇಷನ್ ಮಾಡಿದ ಡಾಕ್ಟರಿಗೇ ಫೋನ್ ಮಾಡಿ. ಬೇರೆ ಕಡೆ ಹೋಗಲೇಬೇಕಾದರೆ ಅಲ್ಲಿನವರಿಗೆ ಮೊದಲು ಆಪರೇಷನ್ ವಿಷಯ ಹೇಳಿ, ಗ್ಲೂಕೋಸಿಗೆ ಮುಂಚೆ ಥಯಾಮಿನ್ ಕೊಡಿ ಅಂತ ಕೇಳಿ. ಯಾವ ಆಪರೇಷನ್, ಯಾವತ್ತು, ಯಾರ ಫೋನ್ ನಂಬರು, ಯಾವ ನೋವಿನ ಮಾತ್ರೆ ಕೂಡದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಸುಸ್ತಾದವರಿಗೆ ಆ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ, ಜೊತೆಗೆ ಹೋದವರಿಗೆ ಬೈಪಾಸ್ ಅಂದರೆ ಹೃದಯದ್ದೇ ನೆನಪಾಗುತ್ತದೆ.