ಪಿ.ಟಿ. ಸರ್ ಮತ್ತು ಬಾಲಾ ದೇವಿ

ಸಂಡೂರು ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದಾಗ ಊರವರು ಕೇಳಿದ್ದು, "ಆಟದಿಂದ ಹೊಟ್ಟಿ ತುಂಬ್ತದೇನು?" ನಮ್ಮಜ್ಜಿಯದು ಇನ್ನೊಂದು: "ಕಾಲು ಮುರಕೊಂಡ್ರ ಯಾರು ಲಗ್ನ ಆಗ್ತಾರವ್ವಾ?"

ಪಿ.ಟಿ. ಸರ್ ಎರಡಕ್ಕೂ ಒಂದೇ ಹೆಸರು ಹೇಳುತ್ತಿದ್ದರು. ಬಾಲಾ ದೇವಿ. ಮಣಿಪುರದವಳು, ಭಾರತ ತಂಡದ ಫಾರ್ವರ್ಡ್, ಮಣಿಪುರ ಪೊಲೀಸ್‌ನಲ್ಲಿ ನೌಕರಿ. ಕೊನೇ ಮಾತನ್ನು ಮಾತ್ರ ಒತ್ತಿ ಹೇಳುತ್ತಿದ್ದರು. ಪಾಲಕರ ಸಭೆಯಲ್ಲಿ ಗೋಲಿನ ಲೆಕ್ಕ ಯಾರಿಗೆ ಬೇಕು? ಪೊಲೀಸ್ ನೌಕರಿ ಅಂದ ಕೂಡಲೇ ಅಪ್ಪಂದಿರು ಮೊಬೈಲ್ ಕೆಳಗಿಟ್ಟು ಕೇಳಿಸಿಕೊಳ್ಳುತ್ತಿದ್ದರು.

ಗೋಲಿನ ಲೆಕ್ಕ ಬೇಕಿದ್ದದ್ದು ನಮಗೆ. 2018-19ರ ಇಂಡಿಯನ್ ವುಮೆನ್ಸ್ ಲೀಗ್‌ನಲ್ಲಿ ಮಣಿಪುರ ಪೊಲೀಸ್ ತಂಡಕ್ಕೆ ಆಕೆ ಹೊಡೆದದ್ದು 26 ಗೋಲು. ಅಷ್ಟು ಹೊಡೆದರೂ ಫೈನಲ್‌ನಲ್ಲಿ ಸೇತು ಎಫ್‌ಸಿ ಎದುರು ತಂಡ ಸೋತಿತು. ಸರ್ ಅದನ್ನೂ ಮುಚ್ಚಿಡದೆ ಹೇಳಿದ್ದರು.

ನಾನೂ ಫಾರ್ವರ್ಡ್. ನಮ್ಮ ಮೈದಾನದಲ್ಲಿ ಹುಲ್ಲಿಗಿಂತ ಅದಿರಿನ ಧೂಳೇ ಜಾಸ್ತಿ. ಬಿಳಿ ಸಾಕ್ಸ್ ಒಂದೇ ದಿನಕ್ಕೆ ಕೆಂಪಾಗಿ, ಅಮ್ಮ ಎಷ್ಟು ತಿಕ್ಕಿದರೂ ಬಣ್ಣ ಬಿಡುತ್ತಿರಲಿಲ್ಲ. ಚೆಂಡು ಎಲ್ಲಿದ್ದರೆ ಅಲ್ಲಿಗೆ ಹನ್ನೊಂದೂ ಜನ ಓಡುತ್ತಿದ್ದೆವು. ಒಂದು ಸಂಜೆ ಸರ್ ನನ್ನನ್ನು ನಮ್ಮನ್ನು ತಡೆಯೋ ಡಿಫೆಂಡರ್ ಪಕ್ಕಕ್ಕೆ, ಅವಳ ಭುಜಕ್ಕೆ ತಾಗುವಷ್ಟು ಹತ್ತಿರ ನಿಲ್ಲಿಸಿದರು. "ಆಕಿ ಚೆಂಡು ನೋಡ್ತಾಳ, ಪಕ್ಕದಾಗಿರೋ ನಿನ್ನ ನೋಡಂಗಿಲ್ಲ. ಪಾಸ್ ಕೊಡೋಳು ತಲಿ ಎತ್ತಿದ ತಕ್ಷಣ ಓಡು. ಮೊದ್ಲೇ ಓಡಿದ್ಯೋ, ಆಫ್‌ಸೈಡು." ಅಂದರೆ ಪಾಸ್ ಒದೆಯೋ ಮೊದಲೇ ಕೊನೇ ಡಿಫೆಂಡರನ್ನು ದಾಟಿದ ತಪ್ಪು. ಪಾಸ್ ಬರಲಿ ಬಿಡಲಿ, ಕತ್ತಲಾಗುವವರೆಗೂ ಅದೇ ಓಟ. ಫಾರ್ವರ್ಡ್ ಅಂದ್ರೆ ಗೋಲು ಹೊಡೆಯೋಳು ಅಂತಾರೆ. ಚೆಂಡೇ ಇಲ್ಲದೆ ಸುಮ್ನೆ ಓಡೋದೇ ಅವಳ ಮುಕ್ಕಾಲು ಕೆಲಸ.

2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಬಾಲಾ ಜೊತೆ 18 ತಿಂಗಳ ಒಪ್ಪಂದ ಮಾಡಿಕೊಂಡಿತು. ಜೆರ್ಸಿ ನಂಬರ್ 10. ಯುರೋಪಿನ ಕ್ಲಬ್‌ನಲ್ಲಿ ಸಂಬಳಕ್ಕೆ ಆಡಲು ಹೋದ ಭಾರತದ ಮೊದಲ ಮಹಿಳೆ ಅಂತ ಪೇಪರ್‌ನಲ್ಲಿ ಬಂತು. ರೇಂಜರ್ಸ್ ಜೊತೆ ಆಗ ಕೈಜೋಡಿಸಿದ್ದು ಬೆಂಗಳೂರು ಎಫ್‌ಸಿ. ಆ ಕ್ಲಬ್ ನಮ್ಮ ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನವರದ್ದೇ, ಜೆಎಸ್‌ಡಬ್ಲ್ಯೂದು. ಅಷ್ಟು ಸಾಕಾಯ್ತು, ಬಾಲಾ ನಮ್ಮೂರವಳೇ ಅನ್ನೋ ಹಾಗೆ ಎದೆ ಉಬ್ಬಿಸಿಕೊಂಡು ತಿರುಗಿದೆವು. ಊರವರು ಕೇಳಿದ್ದಕ್ಕೆ ಉತ್ತರವೂ ಸಿಕ್ಕಿತ್ತಲ್ವಾ!

ಮಾರ್ಚ್‌ನಲ್ಲಿ ಕೊರೊನಾ ಬಂತು. ಅಲ್ಲಿ ಲೀಗ್ ನಿಂತಿತು, ಇಲ್ಲಿ ನಮ್ಮ ಶಾಲೆಗೆ ಬೀಗ ಬಿತ್ತು. ಆಕೆಯ ಮೊದಲ ಗೋಲು ಬಂದದ್ದು ಡಿಸೆಂಬರ್‌ನಲ್ಲಿ, ಮದರ್‌ವೆಲ್ ವಿರುದ್ಧ, ಬದಲಿ ಆಟಗಾರ್ತಿಯಾಗಿ ಇಳಿದು. ರೇಂಜರ್ಸ್ 9-0 ಗೆದ್ದಿತು. "ಒಂಬತ್ತರಾಗ ಒಂದು, ಅದೇನ್ ಮಹಾ?" ಅಂದ ನಮ್ಮಣ್ಣ. ಪರದೇಶದಲ್ಲಿ, ಕೊರೊನಾ ಕಾಲದಲ್ಲಿ, ಹತ್ತು ತಿಂಗಳ ಮೇಲೆ ಬಂದ ಗೋಲು ಅದು. ಬೆಂಚ್ ಮೇಲೆ ಕೂತವರಿಗಷ್ಟೇ ಅದರ ಬೆಲೆ ಗೊತ್ತು ಅಂತ ಅವನ ಜೊತೆ ಜಗಳ ಆಡಿದ್ದೆ.

ಆಮೇಲೆ ಮೊಣಕಾಲಿಗೆ ಪೆಟ್ಟು. ಆಪರೇಷನ್ ಆಗಿ ಬಹಳ ಕಾಲ ಆಟದಿಂದ ಹೊರಗುಳಿದಳು. ಅಜ್ಜಿ ಹೆದರಿದ್ದು ಸುಳ್ಳೇನಲ್ಲ, ಈ ಆಟ ಮೊಣಕಾಲನ್ನೇ ಮೊದಲು ಕೇಳುತ್ತದೆ. ನಮ್ಮ ತಂಡದಲ್ಲೂ ಇಬ್ಬರು ಅದೇ ಕಾರಣಕ್ಕೆ ಬಿಟ್ಟರು. ಬಾಲಾ ಮಾತ್ರ ಮತ್ತೆ ಬಂದಳು. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನದ ವಿರುದ್ಧ ಹೊಡೆದದ್ದು ದೇಶಕ್ಕಾಗಿ ಆಕೆಯ 50ನೇ ಗೋಲು. ಭಾರತದ ಮಹಿಳೆಯರಲ್ಲಿ ಅಲ್ಲಿಗೆ ಮುಟ್ಟಿದ ಮೊದಲಿಗಳು. ಆಗ ವಯಸ್ಸು 34.

ಸರ್ ಈಗ ರಿಟೈರ್ ಆಗಿದ್ದಾರೆ. ಬಳ್ಳಾರಿಯಲ್ಲಿ ಸಿಕ್ಕಾಗಲೆಲ್ಲ ನಮ್ಮದು ಒಂದೇ ವಾದ. ಭಾರತ ತಂಡದ ಇನ್ನೊಬ್ಬ ಆಟಗಾರ್ತಿ ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೊನ್ ಕ್ಲಬ್ ಪರ ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಆಡಿದಳು, ಬ್ರೆಜಿಲ್‌ಗೇ ಗೋಲು ಹೊಡೆದವಳು, ಅವಳೇ ದೊಡ್ಡವಳು ಅಂತ ನಾನು. "ಆಕಿ ಸೈಡಿನಿಂದ ಬರ್ತಾಳವ್ವಾ, ನಡುವ ನಿಂತು ಒದಿಸ್ಕೊಳ್ಳೋದು ಬ್ಯಾರೇನ ಅದ" ಅಂತ ಅವರು. ಹೋದ ಸಲ ಚಹಾದ ದುಡ್ಡನ್ನೂ ನನ್ನಿಂದಲೇ ಕೊಡಿಸಿದರು, ಸೋತವರು ಕೊಡಬೇಕಂತೆ.