ಲಿಫ್ಟ್ ಕೆಳಕ್ಕೆ ಬೀಳುತ್ತದೆ ಅಂದುಕೊಂಡಿದ್ದೆ

ನನಗೆ ಲಿಫ್ಟ್ ಕಂಡರೆ ಮೊದಲಿಂದಲೂ ಒಂಥರಾ ಭಯ. ಹತ್ತುವುದಿಲ್ಲ ಅಂತೇನಿಲ್ಲ, ಹತ್ತುತ್ತೇನೆ, ಆದರೆ ಬಾಗಿಲು ಮುಚ್ಚಿದ ತಕ್ಷಣ ಮನಸ್ಸು ಮೇಲಿನ ಹಗ್ಗದ ಮೇಲೆ ಹೋಗಿ ಕೂತುಬಿಡುತ್ತದೆ. ಈಗ ಕಡಿದರೆ? ಇವತ್ತೇ ಕಡಿದರೆ? ಪಕ್ಕದಲ್ಲಿರುವವರು ಆರಾಮಾಗಿ ಫೋನ್ ನೋಡುತ್ತಿರುತ್ತಾರೆ, ನಾನು ಮಾತ್ರ ಮಹಡಿಯ ನಂಬರ್ ಎಣಿಸುತ್ತಾ ನಿಂತಿರುತ್ತೇನೆ. ಕೊನೇ ಕ್ಷಣದಲ್ಲಿ ಮೇಲಕ್ಕೆ ನೆಗೆದರೆ ಬಚಾವಾಗಬಹುದು ಅನ್ನೋ ಒಂದು ಪ್ಲಾನ್ ಕೂಡ ಇತ್ತು. ಅದು ಎಂಥ ಪೆದ್ದು ಪ್ಲಾನ್ ಅಂತ ಆಮೇಲೆ ಹೇಳುತ್ತೇನೆ.

ಮೊನ್ನೆ ಎರಡು ಮಹಡಿಗಳ ನಡುವೆ ಲಿಫ್ಟ್ ದಡಕ್ಕಂತ ನಿಂತಿತು. ದೀಪ ಹೋಯಿತು, ಒಂದು ಚಿಕ್ಕ ಎಮರ್ಜೆನ್ಸಿ ಲೈಟ್ ಹತ್ತಿತು. ಒಳಗೆ ಮೂರು ಜನ. ಮುಕ್ಕಾಲು ಗಂಟೆ ಆದ ಮೇಲೆ ಟೆಕ್ನಿಷಿಯನ್ ಬಂದು ಇಳಿಸಿದರು. ಆಮೇಲೆ ಅವರ ಜೊತೆಯಲ್ಲೇ ಮೇಲಿನ ಮಶೀನ್ ರೂಮಿಗೆ ಹೋದೆ, ಬೇಡ ಅಂದರೂ ಬಿಡಲಿಲ್ಲ. 'ಹಗ್ಗ ಕಡಿದರೆ ಏನಾಗುತ್ತದೆ?' ಅಂತ ಕೇಳಿದೆ. ಅವರು ತಿರುಗಿ ಕೇಳಿದರು: 'ಯಾವ ಹಗ್ಗ? ಐದು ಇದೆಯಲ್ಲ.' ನೋಡಿದರೆ ಹೌದು, ಬೆರಳು ದಪ್ಪದ ಐದು ಉಕ್ಕಿನ ಹಗ್ಗ ಸಾಲಾಗಿ ಚಕ್ರದ ಮೇಲೆ ಹೋಗಿವೆ. ಐದೂ ಸೇರಿ ಹೊರಬಲ್ಲ ತೂಕ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಯುರೋಪಿನ ನಿಯಮದಲ್ಲಿ ಮೂರು ಅಥವಾ ಹೆಚ್ಚು ಹಗ್ಗ ಇದ್ದರೆ ಕನಿಷ್ಠ 12 ಪಟ್ಟು ಇರಬೇಕು.

ಆಮೇಲೆ ಅವರೇ ಒಂದು ಪ್ರಶ್ನೆ ಹಾಕಿದರು. 'ಒಳಗೆ ನೀವೊಬ್ಬರೇ ಇದ್ದೀರ. ಹಗ್ಗ ಎಲ್ಲ ಸರಿಯಿದೆ, ಬ್ರೇಕ್ ಮಾತ್ರ ಕೈಕೊಟ್ಟಿತು. ಲಿಫ್ಟ್ ಯಾವ ಕಡೆ ಹೋಗುತ್ತೆ?'

ಕೆಳಗೆ ಅಂದೆ. ಮತ್ತಿನ್ನೆಲ್ಲಿಗೆ?

ಅವರು ನಕ್ಕು 'ಮೇಲಕ್ಕೆ' ಅಂದರು.

ಇದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹಗ್ಗದ ಒಂದು ತುದಿಯಲ್ಲಿ ಕ್ಯಾಬಿನ್, ಇನ್ನೊಂದು ತುದಿಯಲ್ಲಿ ಕೌಂಟರ್‌ವೇಟ್, ಅಂದರೆ ಸಮತೂಕದ ಭಾರ. ಬಾವಿಯ ರಾಟೆಗೆ ಎರಡು ಕಡೆಯೂ ಕೊಡ ಕಟ್ಟಿದ ಹಾಗೆ. ಈ ಭಾರ ಖಾಲಿ ಕ್ಯಾಬಿನ್‌ನಷ್ಟೇ ಇರುವುದಿಲ್ಲ. ಕ್ಯಾಬಿನ್ ತೂಕದ ಜೊತೆಗೆ, ಅದು ಹೊರಬಹುದಾದ ಪೂರ್ತಿ ಲೋಡಿನ ಸುಮಾರು ಅರ್ಧ ಸೇರಿಸಿರುತ್ತಾರೆ. ಲೆಕ್ಕ ಹಾಕಿ: ಕ್ಯಾಬಿನ್ 900 ಕೆ.ಜಿ., ಪೂರ್ತಿ ಲೋಡ್ 600 ಕೆ.ಜಿ. ಅಂದರೆ ಭಾರ 1200 ಕೆ.ಜಿ. ಒಳಗೆ 70 ಕೆ.ಜಿ.ಯ ನಾನೊಬ್ಬನೇ ಇದ್ದರೆ ಈ ಕಡೆ 970, ಆ ಕಡೆ 1200. ಬ್ರೇಕ್ ಬಿಟ್ಟರೆ ನಾನು ಆಕಾಶದ ಕಡೆಗೇ ಹೊರಟೆ. ಇಷ್ಟು ವರ್ಷ ಭಯಪಟ್ಟಿದ್ದು ತಪ್ಪು ದಿಕ್ಕಿಗೆ!

ಬ್ರೇಕ್ ಬಗ್ಗೆ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಕರೆಂಟ್ ಬಂದರೆ ಬ್ರೇಕ್ ಹಿಡಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ನಿಜಕ್ಕೂ ಉಲ್ಟಾ. ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟ್. ಗಟ್ಟಿ ಸ್ಪ್ರಿಂಗ್‌ಗಳು ಬ್ರೇಕನ್ನು ಯಾವಾಗಲೂ ಅಮುಕಿಕೊಂಡೇ ಇರುತ್ತವೆ, ಲಿಫ್ಟ್ ಓಡಬೇಕಾದಾಗ ಮಾತ್ರ ವಿದ್ಯುತ್ ಅಯಸ್ಕಾಂತ ಅದನ್ನು ಎಳೆದು ಸಡಿಲ ಮಾಡುತ್ತದೆ. ಕರೆಂಟ್ ಹೋಯಿತು, ತಂತಿ ತುಂಡಾಯಿತು, ಎಲ್ಲೋ ಒಂದು ಸ್ವಿಚ್ ತೆರೆಯಿತು, ಏನೇ ಆಗಲಿ, ಅಯಸ್ಕಾಂತ ಸೋತು ಸ್ಪ್ರಿಂಗ್ ಗೆಲ್ಲುತ್ತದೆ. ನಿಲ್ಲುವುದೇ ಲಿಫ್ಟಿನ ಸಹಜ ಸ್ಥಿತಿ. ಓಡುವುದಕ್ಕೆ ಅದು ಪ್ರತಿ ಕ್ಷಣವೂ ಅನುಮತಿ ಕೇಳುತ್ತಿರಬೇಕು. ಅವತ್ತಿನ ನಮ್ಮ ದಡಕ್ ಕೂಡ ಇದೇ, ಕರೆಂಟ್ ಹೋಗಿ ಬ್ರೇಕ್ ಹಿಡಿದಿತ್ತು. ನಾನು ಅದನ್ನು ಲಿಫ್ಟ್ ಕೆಟ್ಟಿದ್ದು ಅಂದುಕೊಂಡೆ, ಅದು ಸರಿಯಾಗಿ ಕೆಲಸ ಮಾಡಿದ್ದು.

ಸರಿ, ಬ್ರೇಕೂ ಹೋಯಿತು, ಐದು ಹಗ್ಗವೂ ಒಟ್ಟಿಗೆ ಹೋಯಿತು ಅಂತಲೇ ಇಟ್ಟುಕೊಳ್ಳೋಣ. ಆಗ?

ಮಶೀನ್ ರೂಮಿನ ಮೂಲೆಯಲ್ಲಿ ತಟ್ಟೆಯಷ್ಟಗಲದ ಇನ್ನೊಂದು ಚಕ್ರ ಇತ್ತು. ಮೋಟರ್ ಇಲ್ಲ, ಏನಿಲ್ಲ. ನಾನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ಅದೇ ಗವರ್ನರ್. ಅದರ ಮೇಲೆ ತೆಳ್ಳಗಿನ ಬೇರೆಯದೇ ಹಗ್ಗ ಒಂದು ಶಾಫ್ಟಿನ, ಅಂದರೆ ಲಿಫ್ಟ್ ಓಡಾಡುವ ಬಾವಿಯಂಥ ಜಾಗದ, ತಳದಲ್ಲಿರುವ ಗುಂಡಿಯವರೆಗೂ ಇಳಿದು ಸುತ್ತಿಕೊಂಡು ಮೇಲೆ ಬರುತ್ತದೆ. ಕ್ಯಾಬಿನ್ ಈ ಹಗ್ಗದ ಒಂದು ಕಡೆಗೆ ಸಣ್ಣ ಸನ್ನೆಯ (ಲಿವರ್) ಮೂಲಕ ಅಂಟಿಕೊಂಡಿದೆ. ಹಾಗಾಗಿ ಕ್ಯಾಬಿನ್ ಎಷ್ಟು ಜೋರಾಗಿ ಹೋಗುತ್ತದೋ ಅಷ್ಟೇ ಜೋರಾಗಿ ಹಗ್ಗವೂ ಓಡುತ್ತದೆ, ಚಕ್ರವೂ ತಿರುಗುತ್ತದೆ. ಈ ಹಗ್ಗ ಭಾರ ಎತ್ತುವುದಿಲ್ಲ. ಅದರ ಕೆಲಸ ಚಾಡಿ ಹೇಳುವುದು ಮಾತ್ರ.

ಚಕ್ರದಲ್ಲಿ ಎರಡು ತೂಕಗಳಿವೆ, ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದಿಟ್ಟಿರುತ್ತದೆ. ಜೋರಾಗಿ ತಿರುಗಿದಷ್ಟೂ ತೂಕಗಳು ಹೊರಕ್ಕೆ ಹಾರಲು ನೋಡುತ್ತವೆ. ಜಾತ್ರೆಯ ತಿರುಗುವ ತೊಟ್ಟಿಲು ಹೊರಕ್ಕೆ ವಾಲುತ್ತದಲ್ಲ, ಹಾಗೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರದ ವೇಗ ಹತೋಟಿಗೆ ಹಾಕಿದ್ದೂ ಇದೇ ಉಪಾಯ. ಲಿಫ್ಟ್‌ನಲ್ಲಿ ಇದು ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ವೇಗ ಮಿತಿ ಮೀರಿದಾಗ ತೂಕ ಹೊರಬಂದು ಮೊದಲು ಒಂದು ಸ್ವಿಚ್ಚಿಗೆ ತಾಗುತ್ತದೆ. ಮೋಟರ್ ಕರೆಂಟ್ ಕಟ್, ಬ್ರೇಕ್ ಹಿಡಿಯುತ್ತದೆ. ಆಗಲೂ ನಿಲ್ಲದೆ ವೇಗ ಏರಿದರೆ ತೂಕ ಇನ್ನೂ ಹೊರಗೆ ಬಂದು ಒಂದು ಕೊಕ್ಕೆಯನ್ನು ಬೀಳಿಸುತ್ತದೆ, ಗವರ್ನರ್ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಹಗ್ಗ ನಿಂತಿತು, ಕ್ಯಾಬಿನ್ ಇನ್ನೂ ಇಳಿಯುತ್ತಿದೆ. ಈಗ ಏನಾಗಬೇಕು? ನಿಂತ ಹಗ್ಗ ಆ ಸನ್ನೆಯನ್ನು ಮೇಲಕ್ಕೆ ಎಳೆಯುತ್ತದೆ. ಬೀಳುತ್ತಿರುವ ಕ್ಯಾಬಿನ್ ತನ್ನ ಬ್ರೇಕನ್ನು ತಾನೇ ಎಳೆದುಕೊಂಡ ಹಾಗೆ.

ಆ ಬ್ರೇಕಿನ ಹೆಸರು ಸೇಫ್ಟಿ ಗೇರ್. ಅದು ಕ್ಯಾಬಿನ್‌ಗೇ ಕೂರಿಸಿದ್ದು, ಹಗ್ಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಕ್ಯಾಬಿನ್‌ನ ಎರಡೂ ಬದಿ ಶಾಫ್ಟಿನ ಉದ್ದಕ್ಕೂ ಉಕ್ಕಿನ ಗೈಡ್ ರೈಲ್ ಇರುತ್ತದೆ. ಸನ್ನೆ ಮೇಲೆದ್ದರೆ ಉಕ್ಕಿನ ಬೆಣೆಗಳು ರೈಲಿಗೂ ಅದರ ಗೂಡಿಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಬಾಗಿಲ ಕೆಳಗೆ ಮರದ ಬೆಣೆ ಹಾಕಿ ಬಾಗಿಲನ್ನು ತಳ್ಳಿ ನೋಡಿ, ತಳ್ಳಿದಷ್ಟೂ ಬಿಗಿಯುತ್ತದೆ. ಇಲ್ಲೂ ಅಷ್ಟೇ, ಒಳಗೆ ಜಾಸ್ತಿ ಜನ ಇದ್ದಷ್ಟೂ ಬೆಣೆ ಒಳಕ್ಕೆ ಇಳಿಯುತ್ತದೆ. ಬೀಳಿಸಬೇಕಾದ ತೂಕವೇ ಹಿಡಿದು ನಿಲ್ಲಿಸುತ್ತದೆ. ಕರೆಂಟ್ ಬೇಡ, ಕಂಪ್ಯೂಟರ್ ಬೇಡ. ಬಿಡಿಸಬೇಕಾದರೆ ಕ್ಯಾಬಿನ್ ಮೇಲಕ್ಕೆ ಎತ್ತಲೇಬೇಕು, ಬೇರೆ ದಾರಿ ಇಲ್ಲ. ರೈಲಿನ ಮೇಲೆ ಹಲ್ಲು ಕಚ್ಚಿದ ಗುರುತು ಉಳಿದಿರುತ್ತದೆ, ಅದನ್ನು ಅರ ಹಾಕಿ ಉಜ್ಜಿ ನಯ ಮಾಡಬೇಕಂತೆ. ನಿಧಾನದ ಲಿಫ್ಟ್‌ಗಳಲ್ಲಿ ಬೆಣೆ ಒಂದೇ ಏಟಿಗೆ ಕಚ್ಚುತ್ತದೆ. ವೇಗದ ಲಿಫ್ಟ್‌ಗಳಲ್ಲಿ ಹಾಗೆ ಮಾಡಿದರೆ ಒಳಗಿನವರ ಮೂಳೆ ಉಳಿಯುವುದಿಲ್ಲ, ಅದಕ್ಕೇ ಅಲ್ಲಿ ಒಂದೇ ಸಮನಾದ ಒತ್ತಡದಲ್ಲಿ ಉಜ್ಜುತ್ತಾ ಸ್ವಲ್ಪ ದೂರ ಜಾರಿ ನಿಲ್ಲುವ ಜಾತಿಯದನ್ನು ಹಾಕುತ್ತಾರೆ.

ಇಷ್ಟೆಲ್ಲ ಆಗುವಷ್ಟರಲ್ಲಿ ಲಿಫ್ಟ್ ಎಷ್ಟು ಬಿದ್ದಿರುತ್ತದೆ? ಮನೆಗೆ ಬಂದು ಸುಮ್ನೆ ಲೆಕ್ಕ ಹಾಕಿದೆ. ಲಿಫ್ಟಿನ ವೇಗ ಸೆಕೆಂಡಿಗೆ 1 ಮೀಟರ್ ಅಂದುಕೊಳ್ಳಿ, ಗವರ್ನರ್ 1.5 ಮೀಟರ್‌ಗೆ ಹಿಡಿಯುತ್ತದೆ ಅನ್ನಿ. ನಿಂತ ಜಾಗದಿಂದ ಬಿದ್ದು ಆ ವೇಗ ಮುಟ್ಟಲು ಬೇಕಾದ ದೂರ ಸುಮಾರು 11 ಸೆಂಟಿಮೀಟರ್. ಅರ್ಧ ಗೇಣು! ಹಗ್ಗ ಕಚ್ಚಿ, ಸನ್ನೆ ಎದ್ದು, ಬೆಣೆ ಕೂರಲು ಇನ್ನೊಂದಿಷ್ಟು ಸೇರಿಸಿಕೊಳ್ಳಿ. ನನ್ನ ಕಲ್ಪನೆಯಲ್ಲಿ ನಾನು ಪ್ರತಿ ಸಲ ಪೂರ್ತಿ ಹನ್ನೆರಡು ಮಹಡಿ ಕಿರುಚುತ್ತಾ ಬೀಳುತ್ತಿದ್ದೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಇಟ್ಟವನು ಎಲಿಷಾ ಓಟಿಸ್. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎತ್ತರದ ಅಟ್ಟಣೆಯ ಮೇಲೆ ತಾನೇ ನಿಂತು, ಜನರೆಲ್ಲ ನೋಡುತ್ತಿರುವಾಗ ಹಗ್ಗ ಕಡಿಸಿದ. ಅಟ್ಟಣೆ ಸ್ವಲ್ಪ ಜಾರಿ ನಿಂತಿತು. ಉಪಾಯ ಸರಳ: ಗಾಡಿಗೆ ಹಾಕುವಂಥ ಬಾಗಿದ ಸ್ಪ್ರಿಂಗ್ ಪಟ್ಟಿ, ಹಗ್ಗದ ಎಳೆತ ಇರುವ ತನಕ ಬಾಗಿಯೇ ಇರುತ್ತದೆ, ಎಳೆತ ಹೋದರೆ ಚಾಚಿಕೊಂಡು ಎರಡೂ ಬದಿಯ ಹಲ್ಲುಕಂಬಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಮೂರು ವರ್ಷದ ನಂತರ, 1857ರಲ್ಲಿ, ಬ್ರಾಡ್‌ವೇಯ ಐದು ಮಹಡಿಯ ಹಾವೌಟ್ ಕಟ್ಟಡದಲ್ಲಿ ಜನ ಹತ್ತುವ ಲಿಫ್ಟ್ ಶುರುವಾಯಿತು. ಆದರೆ ಓಟಿಸ್‌ನ ಉಪಾಯದಲ್ಲಿ ಒಂದು ಕುರುಡು ಜಾಗ ಇತ್ತು. ಹಗ್ಗ ಕಡಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಹಗ್ಗ ಗಟ್ಟಿಯಾಗಿದ್ದು ಯಂತ್ರವೇ ಹುಚ್ಚೆದ್ದು ಓಡಿದರೆ ಅದು ಸುಮ್ಮನೆ ನೋಡುತ್ತಾ ಕೂರುತ್ತದೆ. ಹಗ್ಗವನ್ನಲ್ಲ, ವೇಗವನ್ನು ಕಾಯಬೇಕು ಅನ್ನೋದು ಆಮೇಲೆ ಬಂದ ಬುದ್ಧಿ. ಗವರ್ನರ್‌ನ ಕೆಲಸವೇ ಅದು.

ಕಟ್ಟಕಡೆಗೆ ಗುಂಡಿಯಲ್ಲಿ ಬಫರ್ ಇದೆ, ಸ್ಪ್ರಿಂಗ್ ಅಥವಾ ಎಣ್ಣೆ ತುಂಬಿದ ಕೊಳವೆ. ಇದು ಮೇಲಿನಿಂದ ಬಿದ್ದವರನ್ನು ಹಿಡಿಯುವ ಹಾಸಿಗೆ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಕೊನೇ ಮಹಡಿ ದಾಟಿ ಸ್ವಲ್ಪ ಕೆಳಗೆ ಬಂದುಬಿಟ್ಟರೆ ಮೆತ್ತಗೆ ನಿಲ್ಲಿಸುವುದಕ್ಕೆ ಇರುವುದು. ಕೌಂಟರ್‌ವೇಟ್‌ಗೂ ಒಂದು ಇರುತ್ತದೆ. ಅದು ಬಫರ್ ಮೇಲೆ ಕೂತ ಕೂಡಲೇ ಹಗ್ಗದ ಬಿಗಿ ಹೋಗಿ, ಮೇಲಿನ ಚಕ್ರ ಹಗ್ಗದ ಕೆಳಗೆ ಸುಮ್ನೆ ಜಾರುತ್ತದೆ. ಹಗ್ಗವನ್ನು ಚಕ್ರಕ್ಕೆ ಕಟ್ಟಿಲ್ಲವಲ್ಲ, ಬರೀ ಉಜ್ಜುವಿಕೆಯ ಹಿಡಿತ ಅದು. ಹಾಗಾಗಿ ಮೋಟರ್ ಕ್ಯಾಬಿನ್ನನ್ನು ಚಾವಣಿಗೆ ಎಳೆದು ಗುದ್ದುವ ಹಾಗಿಲ್ಲ.

ಇನ್ನು ನನ್ನ ನೆಗೆಯುವ ಪ್ಲಾನ್. ಏನೂ ತಡೆಯದೆ 30 ಮೀಟರ್ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 87 ಕಿ.ಮೀ. ನಾನು ಜೀವ ಬಿಟ್ಟು ನೆಗೆದರೂ ಅದರಲ್ಲಿ 10 ಕಿ.ಮೀ. ಕಡಿಮೆ ಆಗಬಹುದು, 77ರಲ್ಲಿ ಗುದ್ದುತ್ತೇನೆ. ಅದೂ ನೆಲ ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ. ಬೀಳುವಾಗ ಕಾಲಡಿ ಹಿಡಿತವೇ ಇರುವುದಿಲ್ಲ, ನೆಗೆಯುವುದು ಯಾವುದರ ಮೇಲಿಂದ?

ಹಾಗಾದರೆ ಇಷ್ಟೆಲ್ಲ ಇದ್ದೂ ಲಿಫ್ಟ್ ಬಿದ್ದಿದ್ದೇ ಇಲ್ಲವಾ ಅಂದರೆ, ಬಿದ್ದಿದೆ. 1945ರ ಜುಲೈ 28ರಂದು ಮಂಜಿನಲ್ಲಿ ದಾರಿ ತಪ್ಪಿದ ಬಿ-25 ಬಾಂಬರ್ ವಿಮಾನ ಎಂಪೈರ್ ಸ್ಟೇಟ್ ಬಿಲ್ಡಿಂಗಿಗೆ ಗುದ್ದಿತು. ಲಿಫ್ಟ್ ನಡೆಸುತ್ತಿದ್ದ ಬೆಟ್ಟಿ ಲೂ ಆಲಿವರ್ ಇದ್ದ ಕ್ಯಾಬಿನ್ 75 ಮಹಡಿಯಷ್ಟು ಬಿತ್ತು. ಎತ್ತುವ ಹಗ್ಗಗಳ ಜೊತೆ ಗವರ್ನರ್ ಹಗ್ಗವೂ ಕಡಿದುಹೋಗಿತ್ತು, ಚಾಡಿ ಹೇಳುವವರೇ ಇರಲಿಲ್ಲ. ಆದರೂ ಆಕೆ ಬದುಕಿದರು. ಮೊದಲೇ ಕೆಳಗೆ ಬಿದ್ದು ಸುರುಳಿ ಸುತ್ತಿದ್ದ ಹಗ್ಗದ ರಾಶಿಯೂ, ಇಕ್ಕಟ್ಟಾದ ಶಾಫ್ಟಿನಲ್ಲಿ ಒತ್ತಿಕೊಂಡ ಗಾಳಿಯೂ ಮೆತ್ತೆಯಾದವು ಅನ್ನುತ್ತಾರೆ. ಒಂದು ವಿಮಾನವೇ ಬರಬೇಕಾಯಿತು ನೋಡಿ. ಇದಕ್ಕೆ ಹೋಲಿಸಿದರೆ 2018ರ ನವೆಂಬರಿನಲ್ಲಿ ಶಿಕಾಗೋದ ಹಳೇ ಜಾನ್ ಹ್ಯಾನ್‌ಕಾಕ್ ಸೆಂಟರಿನಲ್ಲಿ ನಡೆದದ್ದು ಬೀಳುವುದೇ ಅಲ್ಲ. 95ನೇ ಮಹಡಿಯಿಂದ ಆರು ಜನ ಇಳಿಯುವಾಗ ಒಂದು ಹಗ್ಗ ಕಡಿದು, ಕ್ಯಾಬಿನ್ 11ನೇ ಮಹಡಿ ಹತ್ತಿರ ನಿಂತಿತು. ಅಲ್ಲಿ ಬಾಗಿಲೇ ಇರಲಿಲ್ಲ, ಗೋಡೆ ಒಡೆದು ಹೊರಗೆ ತೆಗೆದರು, ಸುಮಾರು ಮೂರು ಗಂಟೆ. ಸುದ್ದಿಯಲ್ಲಿ ಮಾತ್ರ '84 ಮಹಡಿ ಬಿದ್ದ ಲಿಫ್ಟ್' ಅಂತ ಬಂತು. ಉಳಿದ ಹಗ್ಗಗಳು ಹಿಡಿದೇ ಇದ್ದವು.

ಭಯಪಡಲೇಬೇಕು ಅಂದರೆ ಬೇರೆ ಜಾಗ ಇದೆ, ಟೆಕ್ನಿಷಿಯನ್ ಹೇಳಿದ್ದೂ ಅದನ್ನೇ: 'ನೀವು ಬಾಗಿಲಿಗೆ ಹೆದರಿ.' 2006ರ ಜೂನ್‌ನಲ್ಲಿ ಟೋಕಿಯೋದಲ್ಲಿ 16 ವರ್ಷದ ಹುಡುಗನೊಬ್ಬ ಲಿಫ್ಟಿನಿಂದ ಹೊರಬರುವಾಗ, ಬಾಗಿಲು ತೆರೆದಿದ್ದ ಹಾಗೇ ಕ್ಯಾಬಿನ್ ಮೇಲಕ್ಕೆ ಹೊರಟಿತು. ಹುಡುಗ ತೀರಿಕೊಂಡ. ಬ್ರೇಕ್ ಪ್ಯಾಡ್ ಸವೆದಿತ್ತು. ವೇಗ ಹೆಚ್ಚಾದರೆ ಗವರ್ನರ್ ಎಚ್ಚರಾಗುತ್ತದೆ ಸರಿ, ಆದರೆ ಇಲ್ಲಿ ವೇಗ ಬೇಕಾಗಿಯೇ ಇಲ್ಲ, ಮೆಲ್ಲಗೆ ಜರುಗಿದರೂ ಸಾಕು. ಹಳೆಯ ಸೇಫ್ಟಿ ಗೇರ್ ಹಿಡಿಯುವುದು ಇಳಿಯುವಾಗ ಮಾತ್ರ, ಅದೂ ಸಹಾಯಕ್ಕೆ ಬರುವುದಿಲ್ಲ. 2009ರಲ್ಲಿ ಜಪಾನ್ ಹೊಸ ಲಿಫ್ಟ್‌ಗಳಿಗೆಲ್ಲ, ಬಾಗಿಲು ತೆರೆದಿರುವಾಗ ಕ್ಯಾಬಿನ್ ಜರುಗಿದರೆ ನಿಲ್ಲಿಸುವ ಪ್ರತ್ಯೇಕ ಸಾಧನ ಕಡ್ಡಾಯ ಮಾಡಿತು. ಯುರೋಪಿನ ನಿಯಮದಲ್ಲೂ ಈಗ ಇದು ಇದೆ. ಕೆಲವು ಕಡೆ ಎರಡನೇ ಬ್ರೇಕ್, ಕೆಲವು ಕಡೆ ಎತ್ತುವ ಹಗ್ಗಗಳನ್ನೇ ಅಮುಕಿ ಹಿಡಿಯುವ ಇಕ್ಕಳ. ಹಳೆಯ ಲಿಫ್ಟ್‌ಗಳಲ್ಲಿ ಎಷ್ಟೋ ಕಡೆ ಇದಾವುದೂ ಇಲ್ಲ.

ಇನ್ನೊಂದು ಮಾತು ಕೇಳಿ ನನಗೆ ಬೆವರು ಬಂತು. ಅವತ್ತು ಸಿಕ್ಕಿಕೊಂಡಿದ್ದಾಗ, ಬಾಗಿಲನ್ನು ಬಲವಂತವಾಗಿ ಬಿಚ್ಚಿ ಕೆಳಗಿನ ಮಹಡಿಗೆ ಧುಮುಕೋಣ ಅಂತ ನಮ್ಮಲ್ಲೇ ಒಬ್ಬರು ಹೇಳಿದ್ದರು. ನಾನೂ ಹೂಂ ಅಂದಿದ್ದೆ, ಪುಣ್ಯಕ್ಕೆ ಬಾಗಿಲು ಬಿಚ್ಚಲಿಲ್ಲ. ಟೆಕ್ನಿಷಿಯನ್ ಬೆರಳು ತೋರಿಸಿ ಹೇಳಿದರು, ಹೀಗೆ ನಡುವೆ ನಿಂತ ಕ್ಯಾಬಿನ್‌ನ ಕೆಳಗೆ ಮನುಷ್ಯ ನುಸುಳುವಷ್ಟು ಸಂದು ಬಿಟ್ಟಿರುತ್ತದೆ, ಧುಮುಕಿದವರು ಆಯತಪ್ಪಿ ಹಿಂದಕ್ಕೆ ವಾಲಿದರೆ ಸೀದಾ ಶಾಫ್ಟ್ ಒಳಗೆ. ಗವರ್ನರ್, ಬೆಣೆ, ಬಫರ್, ಎಲ್ಲವೂ ಇರುವುದು ಕ್ಯಾಬಿನ್‌ಗೆ. ಅದರಿಂದ ಹೊರಗೆ ಬಿದ್ದವನಿಗೆ ಒಂದೂ ಇಲ್ಲ.

ಹೊರಡುವ ಮುಂಚೆ ಅವರು ಲಿಫ್ಟನ್ನು ಒಂದು ಸಲ ಖಾಲಿ ಓಡಿಸಿ ನೋಡಿದರು. ಹೊರಡುವಾಗ ಬ್ರೇಕ್ ಬಿಟ್ಟ ಒಂದು ಟಕ್, ನಿಲ್ಲುವಾಗ ಹಿಡಿದ ಇನ್ನೊಂದು ಟಕ್. ಈಗ ಮಹಡಿ ಎಣಿಸುವುದು ಬಿಟ್ಟು ಆ ಎರಡನೇ ಟಕ್ ಕೇಳಿಸುತ್ತದಾ ಅಂತ ಕಿವಿ ಕೊಡುತ್ತೇನೆ, ಆಮೇಲೆ ನೆಲ ನೋಡಿ ಕಾಲಿಡುತ್ತೇನೆ. ಪಕ್ಕದವರು ಈಗಲೂ ಫೋನ್ ನೋಡುತ್ತಲೇ ಇಳಿಯುತ್ತಾರೆ.